ಹೊಸ್ತಿಲ ಮೇಲಿನ ಶುಂಠಿ ಗೊಂಬೆ

ಹೋದ ವಾರ ನಮ್ಮ ಬೀದಿಯಲ್ಲಿ ಮಾಟ ನಡೆಯಿತು. ಮಾಡಿದವಳು ನಾನು. ಬೈಸಿಕೊಂಡವರು ಇನ್ನೊಬ್ಬರು.

ಗಾಬರಿ ಬೇಡ, ಮೊದಲಿನಿಂದ ಹೇಳುತ್ತೇನೆ. ನನ್ನ ಮಗಳು ಶ್ವೇತ ಇಲ್ಲೇ ಶಿಡ್ಲಘಟ್ಟದ ಕಾನ್ವೆಂಟಿನಲ್ಲಿ ಯುಕೆಜಿ. ಡಿಸೆಂಬರ್ ಪೂರ್ತಿ ಅವಳ ಮಿಸ್ ಒಂದು ಇಂಗ್ಲಿಷ್ ಚಿತ್ರದ ಪುಸ್ತಕ ತೋರಿಸಿ ಮಕ್ಕಳ ತಲೆ ಕೆಡಿಸಿದ್ದರು. ಅದರಲ್ಲಿ ಜಿಂಜರ್‌ಬ್ರೆಡ್ ಎಂಬ ಮನುಷ್ಯಾಕಾರದ ಬಿಸ್ಕತ್ತು. ಹೊಟ್ಟೆಯ ಮೇಲೆ ಗುಂಡಿಗಳು, ಕತ್ತಿಗೆ ಮಫ್ಲರ್, ಮುಖದ ತುಂಬ ನಗು. ಕ್ರಿಸ್ಮಸ್ಸಿಗೆ ಅದನ್ನು ಮನೆಯಲ್ಲೇ ಮಾಡಿ, ಸಿಂಗರಿಸಿ, ಇಷ್ಟವಾದವರ ಬಾಗಿಲಲ್ಲಿ ಗುಟ್ಟಾಗಿ ಇಟ್ಟು ಬರಬೇಕಂತೆ. ಇಟ್ಟವರು ಯಾರೆಂದು ಹೇಳಬಾರದಂತೆ.

"ಹೇಳಿದ್ರೆ ಏನಾಗತ್ತೆ?" ಎಂದೆ.

"ಹೇಳಿದ್ರೆ ಅದು ಗಿಫ್ಟೇ ಅಲ್ಲ ಕಣಮ್ಮ" ಎಂದಳು.

ಇಷ್ಟವಾದವರು ಯಾರು? ಪಕ್ಕದ ಮನೆ ರತ್ನಮ್ಮನವರ ಮಗಳು ಗಾಯತ್ರಿ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಾಳೆ, ಎಂಟನೇ ತಿಂಗಳು. ಬಿ.ಪಿ. ಜಾಸ್ತಿ ಇದೆ, ಮಲಗೇ ಇರಬೇಕು ಎಂದು ಡಾಕ್ಟರ್ ಹೇಳಿದ್ದಾರೆ. ಶ್ವೇತ ದಿನಾ ಸಂಜೆ ಹೋಗಿ ಅವಳ ಮಂಚದ ಮೇಲೆ ಕೂತು ಕಥೆ ಹೇಳಿಸಿಕೊಂಡು ಬರುತ್ತಾಳೆ.

ಸರಿ, ಜಿಂಜರ್‌ಬ್ರೆಡ್ಡನ್ನು ಕಂಡವರಾದರೂ ಯಾರು? ಮೈದಾ, ಬೆಲ್ಲದ ಪಾಕ, ತುಪ್ಪ, ಒಣಶುಂಠಿ ಪುಡಿ ಹಾಕಿ ಕಲಸಿದೆ. ಎರಡು ಗೊಂಬೆ ಆಯಿತು. ಗುಂಡಿಗೆ ಏನು ಮಾಡುವುದು? ಅಡುಗೆಮನೆಯ ಡಬ್ಬಗಳನ್ನೆಲ್ಲ ತಡಕಾಡಿ ಲವಂಗ ಕೊಟ್ಟೆ. ಮಗಳು ಹೊಟ್ಟೆಗೆ ಸಾಲಾಗಿ ಐದೈದು ಚುಚ್ಚಿದಳು. ಬಿದ್ದುಹೋಗದಿರಲಿ ಎಂದು ನಾನು ಇನ್ನಷ್ಟು ಒತ್ತಿದೆ.

ಬೇಕರಿ ಸಾಬರು ರಸ್ಕಿನ ಜೊತೆ ಬೇಯಿಸಿಕೊಟ್ಟರು. "ಇದು ಯಾವ ಹಬ್ಬದ್ದು ಟೀಚರಮ್ಮ?" ಎಂದು ಕೇಳಿದರು. ಕ್ರಿಸ್ಮಸ್ಸಿನದು ಎಂದೆ. "ಹಬ್ಬ ಅವ್ರದು, ಹಿಟ್ಟು ನಿಮ್ದು, ಭಟ್ಟಿ ನಮ್ದು. ಚೆನ್ನಾಗೇ ಆಗತ್ತೆ ಬಿಡಿ" ಎಂದು ನಕ್ಕರು.

ಮನೆಗೆ ತಂದ ಮೇಲೆ ಬಣ್ಣದ ಕೆಲಸ. ಕೇಸರಿಬಾತಿಗೆ ಹಾಕುವ ಬಣ್ಣವನ್ನು ಹಾಲಿನಲ್ಲಿ ದಟ್ಟವಾಗಿ ಕಲಸಿ ಮಗಳು ಕೆಂಪು ಬಾಯಿ ಬಿಡಿಸಿದಳು. ಅದು ಗಲ್ಲದವರೆಗೂ ಇಳಿಯಿತು. ಮಫ್ಲರ್? ದೃಷ್ಟಿಗೆಂದು ಅವಳ ಸೊಂಟಕ್ಕೆ ಕಟ್ಟಿ ಉಳಿದಿದ್ದ ಕರಿ ದಾರವಿತ್ತು. ಅದನ್ನೇ ಕತ್ತಿಗೆ ಮೂರು ಸುತ್ತು ಸುತ್ತಿದೆವು. ಕ್ರಿಸ್ಮಸ್ ದಿನ ಬೆಳಗಿನ ಜಾವ ಶಾಲು ಹೊದ್ದು, ಕಳ್ಳರ ಹಾಗೆ ಹೋಗಿ, ಒಂದನ್ನು ಪಕ್ಕದ ಮನೆ ಹೊಸ್ತಿಲ ಮೇಲೆ ಇಟ್ಟು ಬಂದೆವು. ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮನೆಗೆ ಬಂದು ಮತ್ತೆ ಮಲಗಿಬಿಟ್ಟಳು.

ಈಗ ಸ್ವಲ್ಪ ಹಿಂದೆ ಸರಿದು ನೋಡಿ. ಹಿಟ್ಟಿನ ಮನುಷ್ಯ. ಹೊಟ್ಟೆಗೆ ಚುಚ್ಚಿದ ಐದು ಲವಂಗ. ಕೆಂಪು ಸುರಿಯುವ ಬಾಯಿ. ಕತ್ತಿಗೆ ಕರಿ ದಾರ. ಬಸುರಿಯ ಮನೆ ಹೊಸ್ತಿಲು.

ಹೊಳೆಯಿತಲ್ಲ? ನನಗೆ ಹೊಳೆಯಲಿಲ್ಲ. (ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಮೂಢನಂಬಿಕೆಯ ಮೇಲೆ ವರ್ಷಕ್ಕೊಂದು ಭಾಷಣ ಬಿಗಿಯುವವಳು.)

ಬಾಗಿಲಿಗೆ ನೀರು ಹಾಕಲು ಬಂದ ರತ್ನಮ್ಮ ಕಿರುಚಿಕೊಂಡರು. "ಅಯ್ಯೋ ದೇವುಡಾ, ಎವರು ಪೆಟ್ಟಿನಾರು ಇದಿ?" ಭಯವಾದಾಗ ನಮ್ಮ ಬೀದಿಯ ಕನ್ನಡ ತೆಲುಗಿಗೆ ತಿರುಗುತ್ತದೆ. ಇದನ್ನು ಯಾರಿಟ್ಟರು ಎಂಬ ಪ್ರಶ್ನೆ ಮನೆಯಿಂದ ಮನೆಗೆ ದಾಟಿತು. ನಾನು ಹೊರಗೆ ಓಡಿ ಬರುವಷ್ಟರಲ್ಲಿ ಇಪ್ಪತ್ತು ಜನ ಸೇರಿದ್ದರು.

ಗಾಯತ್ರಿ ಜಗಲಿಯ ಮೇಲೆ ಹೊಟ್ಟೆ ಹಿಡಿದು ಕೂತಿದ್ದಳು. ಮುಖ ಬಿಳುಚಿಕೊಂಡಿತ್ತು. "ಅಮ್ಮ, ಮಗು ಅಲ್ಲಾಡ್ತಾನೇ ಇಲ್ಲ" ಎಂದಳು.

"ಬೆಳಗಿನ ಜಾವ ಐದಕ್ಕೆ ಈ ಬೀದೀಲಿ ಓಡಾಡೋದು ಯಾರು?" ಎಂದು ಯಾರೋ ಕೇಳಿದರು.

ಎಲ್ಲರಿಗೂ ಉತ್ತರ ಗೊತ್ತಿತ್ತು. ಬೀದಿಯ ಕೊನೆಯ ಮನೆಯ ಸರೋಜಮ್ಮ. ತಿರುವಿನಲ್ಲಿರುವ ರೇಷ್ಮೆ ರೀಲಿಂಗ್ ಶೆಡ್ಡಿಗೆ ಆ ಹೊತ್ತಿಗೇ ಕೆಲಸಕ್ಕೆ ಹೋಗುತ್ತಾರೆ. ನಲವತ್ತು ದಾಟಿದೆ, ಮಕ್ಕಳಿಲ್ಲ. ಹಿಂದಿನ ದಿನವಷ್ಟೇ ಬಾಯಿ ಕೆಟ್ಟಿರುತ್ತದೆಂದು ಗಾಯತ್ರಿಗೆ ಹುಣಸೆ ತೊಕ್ಕು ತಂದುಕೊಟ್ಟಿದ್ದರು. ಈಗ ಅದೂ ಸಾಕ್ಷಿಯಾಯಿತು.

ಶೆಡ್ಡಿನಿಂದ ಕರೆಸಿದರು. ರೇಷ್ಮೆಗೂಡು ಬೇಯುವ ಬಿಸಿನೀರಿನಲ್ಲಿ ಬೆಳ್ಳಗೆ ಸುಕ್ಕುಗಟ್ಟಿದ್ದ ಕೈಗಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ಗೊಂಬೆ ನೋಡಿ ನಿಂತಲ್ಲೇ ನಿಂತರು.

"ನಾನ್ಯಾಕಮ್ಮ ಇಂಥ ಕೆಲ್ಸ ಮಾಡ್ಲಿ? ನನ್ ಮಗಳಿದ್ದಂಗೆ ಅವಳು."

"ಒಂದು ಹೆತ್ತಿದ್ರೆ ಗೊತ್ತಾಗ್ತಿತ್ತು ನಿಂಗೆ" ಎಂದರು ರತ್ನಮ್ಮ.

ಇಷ್ಟು ಹೊತ್ತು ನಾನೇನು ಮಾಡುತ್ತಿದ್ದೆ? ಗುಂಪಿನ ಹಿಂದೆ, ಶಾಲು ತಲೆಯ ಮೇಲೆಳೆದುಕೊಂಡು, ಲೆಕ್ಕಾಚಾರ ಹಾಕುತ್ತಿದ್ದೆ. ಈಗ ಹೇಳಿದರೆ ನಂಬುತ್ತಾರೆಯೇ? ಗಾಯತ್ರಿಗೆ ಏನಾದರೂ ಆಗಿಬಿಟ್ಟರೆ ಬದುಕಿರುವವರೆಗೂ ನನ್ನ ಹೆಸರೇ ತಾನೆ? ಸ್ವಲ್ಪ ತಣ್ಣಗಾಗಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು. (ಹೇಡಿಗಳೆಲ್ಲ ಈ 'ಆಮೇಲೆ'ಯನ್ನೇ ನೆಚ್ಚಿಕೊಂಡಿರುತ್ತೇವೆ.) ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಮುಚ್ಚಿದೆ. ಸರೋಜಮ್ಮ ಆಣೆ ಇಡುತ್ತಿದ್ದರು, ಅಳುತ್ತಿದ್ದರು. ಯಾರೋ ಪೊರಕೆ ತಂದರು. ಗೊಂಬೆಗೋ ಅವರಿಗೋ ಗೊತ್ತಾಗಲಿಲ್ಲ.

ಗಲಾಟೆಗೆ ಎಚ್ಚರವಾಗಿ ಶ್ವೇತ ಕೆದರಿದ ತಲೆಯಲ್ಲೇ ಬಂದಳು. ಜನರ ಕಾಲುಗಳ ನಡುವೆ ನುಸುಳಿ ಗೊಂಬೆಯ ಹತ್ತಿರ ನಿಂತಳು. ಅಳುತ್ತಿದ್ದ ಸರೋಜಮ್ಮನನ್ನು ನೋಡಿದಳು. ಹೇಳಿದರೆ ಅದು ಗಿಫ್ಟ್ ಅಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

"ಅದು ನಂದು ಗಾಯತ್ರಿ ಅಕ್ಕ. ಜಿಂಜರ್‌ಬ್ರೆಡ್ಡು. ಗಿಫ್ಟ್ ಕೆಟ್ಟೋದ್ರೆ ಹೋಗ್ಲಿ ಬಿಡು" ಎಂದವಳೇ ಗೊಂಬೆಯನ್ನೆತ್ತಿ ಅದರ ಒಂದು ಕಾಲನ್ನು ಕಟಕ್ಕೆಂದು ಕಚ್ಚಿದಳು.

ಬೀದಿಗೆ ಬೀದಿಯೇ ಉಸಿರು ಬಿಗಿಹಿಡಿಯಿತು. ಅವಳು ಅಗಿದಳು, ನುಂಗಿದಳು. "ಶುಂಠಿ ಜಾಸ್ತಿ ಆಗಿದೆ" ಎಂದಳು.

ಗಾಯತ್ರಿಗೇ ಮೊದಲು ನಗು ಬಂತು. ನಗುತ್ತಾ ಅತ್ತಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, "ಒದೀತು ಕಣಮ್ಮ, ಈಗ ಒದೀತು" ಎಂದಳು. ಆಗ ನಾನು, ನಿಮ್ಮ ವಿಜ್ಞಾನದ ಟೀಚರು, ಏನು ಮಾಡಿದೆ ಗೊತ್ತೇ? ಶಾಲು ಸರಿಸಿಕೊಂಡು ಮುಂದೆ ಬಂದು, ಈಗ ತಾನೇ ಮಗಳ ಹಿಂದೆ ಓಡಿ ಬಂದವಳಂತೆ, "ಅಯ್ಯೋ, ಏನಾಯ್ತು ರತ್ನಮ್ಮ?" ಎಂದೆ. ಎಲ್ಲರೂ ನಕ್ಕರು. ರತ್ನಮ್ಮ ನನ್ನನ್ನು ಬೈದು, ಒಳಗೆ ಕರೆದು ಕಾಫಿಯನ್ನೂ ಕೊಟ್ಟರು. ಸರೋಜಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಅವರು ಯಾವಾಗ ಶೆಡ್ಡಿಗೆ ಹಿಂತಿರುಗಿದರೋ ಯಾರೂ ಗಮನಿಸಲಿಲ್ಲ.

ಸಂಜೆ ಇನ್ನೊಂದು ಗೊಂಬೆಯ ಲವಂಗ ಕಿತ್ತು, ದಾರ ಬಿಚ್ಚಿ, ಮಗಳನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಲೆಯ ಭಾಗ ಮುರಿದು ಶ್ವೇತಳ ಬಾಯಿಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ನಿಮ್ಗೆ ತಡವಾಗಿ ಗೊತ್ತಾಯ್ತು ಅನ್ಸತ್ತೆ ಟೀಚರಮ್ಮ. ಮೊದ್ಲೇ ಬಂದಿದ್ರೆ ನೀವೇ ಹೇಳ್ತಿದ್ರಿ, ಅಲ್ವಾ?"

ಹೂಂ ಎಂದುಬಿಟ್ಟೆ.

ಸರೋಜಮ್ಮನಿಗೆ ಓದಲು ಬರುವುದಿಲ್ಲ. ನಮ್ಮ ಬೀದಿಯ ಓದುಗರೇ, ಇದನ್ನು ನಿಮ್ಮಲ್ಲಿ ಯಾರಾದರೂ ಅವರಿಗೆ ಓದಿ ಹೇಳುತ್ತೀರಾ, ಇಲ್ಲ ಅದಕ್ಕೂ ನನ್ನ ಮಗಳನ್ನೇ ಕಳಿಸಬೇಕೇ?