ಕೆಚ್ಚಲಿಗೆ ಹಚ್ಚಿದ ಕುಂಕುಮ

ಪಶುವೈದ್ಯೆ ಸುಮನ್ ಮುತಗೇಕರ ಕಳೆದ ಬುಧವಾರ ಬೆಳಗಿನ ಜಾವ ಬೆಳಗಾವಿಯ ರಾಮತೀರ್ಥ ನಗರದ ಮನೆಯಲ್ಲಿ ತೀರಿಕೊಂಡಳು. ನಿದ್ದೆಯಲ್ಲೇ ಹೃದಯ ನಿಂತಿತ್ತು. ವಯಸ್ಸು ಅರವತ್ತೆರಡು. ಕಾಯಿಲೆ ಇರಲಿಲ್ಲ, ಹಾಸಿಗೆ ಹಿಡಿದಿರಲಿಲ್ಲ. ಹಿಂದಿನ ದಿನ ಖಾನಾಪುರಕ್ಕೆ ಹೋಗಿ ಬಂದಿದ್ದಳು.

ಖಾನಾಪುರ ಅವಳಿಗೆ ಹೊಸದಲ್ಲ. ಸರಕಾರಿ ನೌಕರಿಯ ಬಹುಪಾಲು ಆ ತಾಲೂಕಿನ ಕೊಟ್ಟಿಗೆಗಳಲ್ಲೇ ಕಳೆದಿತ್ತು. ಮರಾಠಿ ಮನೆಯಲ್ಲಿ ಮರಾಠಿ, ಕನ್ನಡದ ಮನೆಯಲ್ಲಿ ಕನ್ನಡ, ದನಗಳ ಜೊತೆ ಎರಡನ್ನೂ ಕಲಸಿ ಮಾತಾಡುತ್ತಿದ್ದಳು. ನಿವೃತ್ತಿಯಾದ ಮೇಲೂ ಬಸ್ಸು ಹತ್ತುವುದು ನಿಲ್ಲಲಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮಗಳು ಸಾನಿಕಾ, "ಆಯಿ, ಪೆನ್ಶನ್ ಕೊಡೂದು ಮನ್ಯಾಗ ಕುಂದರ್ಲಿ ಅಂತ" ಎಂದರೆ, "ಅದನ್ನ ಎಮ್ಮಿಗೋಳಿಗೆ ಹೇಳು" ಎನ್ನುತ್ತಿದ್ದಳು. ಮಗಳ ನಿಜವಾದ ಸಿಟ್ಟು ಬೇರೆಯದು. ಚಟ್ನಿ ಅರೆಯುವ ಮಿಕ್ಸರಿನಲ್ಲಿ ತಾಯಿ ದನಗಳ ಔಷಧಿಗೆಂದು ಲೋಳಸರ ಅರೆದಿದ್ದಳು. ಎಷ್ಟು ತೊಳೆದರೂ ಕಹಿ ಹೋಗದೆ, ಕಡೆಗೆ ಸಾನಿಕಾ ಹೊಸ ಮಿಕ್ಸರ್ ತಂದು ಅದರ ಮೇಲೆ "ಮನುಷ್ಯರದು" ಎಂದು ಚೀಟಿ ಅಂಟಿಸಿದಳು. ಸುಮನ್ ಆ ಚೀಟಿಯನ್ನು ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ಗಿಡದ ಔಷಧಿ ಎಂದರೆ ಒಂದು ಕಾಲಕ್ಕೆ ಮೂಗು ಮುರಿಯುತ್ತಿದ್ದವಳು ಅವಳೇ. ಎಮ್ಮೆಯ ಕೆಚ್ಚಲು ಬಾತರೆ ಆಂಟಿಬಯಾಟಿಕ್ ಸೂಜಿ, ಎರಡು ಮಾತಿಲ್ಲ. ಆದರೆ ವರ್ಷಗಳು ಕಳೆದಂತೆ, ಕೆಟ್ಟ ಹಾಲಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ, ಮೊದಲು ನಾಟುತ್ತಿದ್ದ ಔಷಧಿಗಳು ಒಂದೊಂದಾಗಿ ನಾಟದೆ ಹೋದವು. ಕಂಡಕಂಡದ್ದಕ್ಕೆ ಚುಚ್ಚಿ ಚುಚ್ಚಿ ರೋಗಾಣುಗಳಿಗೇ ಔಷಧಿಯ ರೂಢಿ ಮಾಡಿಸಿದ್ದೇವೆ ಎಂಬುದು ಅವಳಿಗೆ ಚುಚ್ಚತೊಡಗಿತು. ಅದೇ ಹೊತ್ತಿಗೆ ಒಂದು ತರಬೇತಿಯಲ್ಲಿ, ಲೋಳಸರ, ಅರಿಷಿಣ, ಸುಣ್ಣ ಅರೆದು ಕೆಚ್ಚಲಿಗೆ ಹಚ್ಚುವ ಕ್ರಮ ಕೇಳಿದಳು. ನಂಬಲಿಲ್ಲ, ಆದರೂ ಹಚ್ಚಿ ನೋಡಿದಳು. ಸಣ್ಣ ಬಾವುಗಳು ಬಹಳಷ್ಟು ಇಳಿದವು. ಇಳಿಯದವೂ ಇದ್ದವು, ಅವಕ್ಕೆ ಸೂಜಿ ಹಾಕಿದಳು. ಯಾರಾದರೂ ಕೇಳಿದರೆ ಎರಡನ್ನೂ ಹೇಳುತ್ತಿದ್ದಳು.

ಅವಳ ಕಡೆಯ ಎಮ್ಮೆ ಖಾನಾಪುರದ ಬಾಜು ಹಳ್ಳಿಯ ಅಕ್ಕವ್ವನದು. ಹೆಸರು ನೀಲಿ.

ಅಕ್ಕವ್ವ ಮೊಸರು ಮಾರುವವಳು. ಅವಳ ಗಂಡ ಕಲ್ಲಯ್ಯ ದಿನವೂ ಗಡಿಗೆಗಳನ್ನು ಟೆಂಪೋಗೆ ಏರಿಸಿದರೆ ಅವು ಪೀರನವಾಡಿಯ ಖಾನಾವಳಿಗಳಿಗೆ ಹೋಗುತ್ತಿದ್ದವು. ಹೋದ ವರ್ಷ ಇದೇ ನೀಲಿಗೆ ಬಾವು ಬಂದಾಗ ಕಲ್ಲಯ್ಯ ಯಾರನ್ನೋ ಕರೆತಂದು ಸೂಜಿ ಹಾಕಿಸಿದ್ದ. ಔಷಧಿ ಮೈಯಲ್ಲಿರುವಷ್ಟು ದಿನ ಹಾಲು ಚೆಲ್ಲಬೇಕೆಂದು ಯಾರೂ ಹೇಳಲಿಲ್ಲ. ಆ ಹಾಲಿಗೆ ಹೆಪ್ಪು ಹಾಕಿದರೆ ಗಟ್ಟಿಯಾಗಲೇ ಇಲ್ಲ. ಔಷಧಿ ರೋಗಾಣುವನ್ನು ಕೊಂದಂತೆ ಹೆಪ್ಪನ್ನೂ ಕೊಂದಿತ್ತು. ಗಡಿಗೆಗಳು ನೀರುನೀರಾಗಿ ವಾಪಸು ಬಂದವು, ಎರಡು ಖಾನಾವಳಿಯವರು ಬೇರೆ ಕಡೆ ಹೋದರು. ಉಳಿದಿದ್ದದ್ದು ಒಂದೇ. ಅದೂ ಕೈಬಿಟ್ಟರೆ ಅಕ್ಕವ್ವನ ಮೊಸರಿನ ಕಸುಬು ಮುಗಿದಂತೆಯೇ.

ಹಾಗಾಗಿ ಈ ಸಲ ಬಾವು ಕಂಡ ಕೂಡಲೇ ಅವಳು ಸುಮನ್‌ಗೆ ಫೋನು ಮಾಡಿದಳು.

"ಸೂಜಿ ಒಂದ ಬ್ಯಾಡ್ರಿ ಬಾಯಾರ."

"ಬೇಕೋ ಬ್ಯಾಡೋ ನೀಲಿ ಹೇಳ್ತಾಳ, ನೀವಲ್ಲ" ಎಂದು ಸುಮನ್ ಮರುದಿನವೇ ಹೋದಳು.

ಜ್ವರ ಇರಲಿಲ್ಲ. ನೀಲಿ ಮೇವು ತಿನ್ನುತ್ತಿತ್ತು. ಬಾತದ್ದು ಒಂದೇ ಮೊಲೆ. ಸುಮನ್ ಅಲ್ಲೇ ಕುಳಿತು ಲೋಳಸರ ಅರೆದು ತೋರಿಸಿದಳು. ಪ್ರತಿ ಸಲವೂ ಹಳೆಯದನ್ನು ತೊಳೆಯಬೇಕು, ಆ ಮೊಲೆಯ ಕೆಟ್ಟ ಹಾಲನ್ನು ಪೂರಾ ಹಿಂಡಿ ಗುಂಡಿಗೆ ಚೆಲ್ಲಬೇಕು, ಆಮೇಲೆ ಹೊಸದನ್ನು ತೆಳ್ಳಗೆ ಹಚ್ಚಬೇಕು.

"ದಿನಕ್ಕ ಎಷ್ಟ ಸಲ ಹಚ್ಚೂದ್ರಿ?" ಅಕ್ಕವ್ವ ಕೇಳಿದಳು.

"ಕಲ್ಲಯ್ಯಾರ ಚಾ ಕುಡದಾಗೊಮ್ಮಿ."

"ಹಂಗಾದ್ರ ಎಮ್ಮಿ ಚರ್ಮಾ ಸವದ ಹೊಕ್ಕೈತ್ರಿ."

ಕಲ್ಲಯ್ಯ ಗೋಡೆಗೆ ಒರಗಿ ನಿಂತಿದ್ದ. "ಡಾಕ್ಟರಕಿ ಓದಿದವರು ಅಡಗಿ ಮಾಡಾಕತ್ತಾರ. ಉಪ್ಪ ಖಾರಾ ಬೇಕಾದ್ರ ಹೇಳ್ರಿ, ತರ್ತೀನಿ."

"ನಿಮ್ಮ ಖಾರಾ ನಿಮ್ಮ ಬಾಯಾಗ ಇರ್ಲಿ. ನಡುವ ಜ್ವರಾ ಬಂತು, ಮೇವು ಬಿಡ್ತು ಅಂದ್ರ ಸೂಜಿ ಹಾಕಾಕೇಬೇಕು. ಆವಾಗ ನೀವಿಬ್ಬರೂ ಬಾಯಿ ಬಿಚ್ಚೂ ಹಂಗಿಲ್ಲ" ಎಂದಳು ಸುಮನ್.

ಶನಿವಾರ ಮತ್ತೆ ಹೋದಾಗ ಕೊಟ್ಟಿಗೆಯ ಬಾಗಿಲಲ್ಲೇ ಅವಳ ಕಾಲು ನಿಂತುಬಿಟ್ಟಿತು. ನೀಲಿಯ ಕೆಚ್ಚಲು ಕೆಂಪಗೆ, ದಪ್ಪಗೆ, ಹಬ್ಬಕ್ಕೆ ಬಳಿದ ಹೊಸ್ತಿಲಿನ ಹಾಗೆ ಕಾಣುತ್ತಿತ್ತು. ಹಚ್ಚಿದ್ದರ ಮೇಲೆ ಹಚ್ಚಿ, ಒಣಗಿ, ಪದರು ಪದರಾಗಿ ಬಿರಿದಿತ್ತು. ಕೊಂಬಿಗೆ ಸೇವಂತಿಗೆ ಸಿಕ್ಕಿಸಿತ್ತು. ಮುಟ್ಟಿದರೆ ಕೆಚ್ಚಲು ಕಲ್ಲು. ಬಾವು ಮೊದಲಿಗಿಂತ ಹೆಚ್ಚಾಗಿತ್ತು.

"ತೊಳದಿಲ್ಲೇನ್ರಿ ಅಕ್ಕವ್ವ?"

ಅಕ್ಕವ್ವ ಸೆರಗು ಹಿಡಿದು ನಿಂತಳು. "ಹೆಂಗ ತೊಳೀಲ್ರಿ? ಅರಿಷಿಣಕ್ಕ ಸುಣ್ಣಾ ಬಿದ್ದ ಕೂಡ್ಲೆ ಕೆಂಪ ಆತು. ಕುಂಕುಮ ಆತಲ್ರಿ ಅದು. ಕರಕ್ಕ ಹಾಲು ಕೊಡೂ ಎಮ್ಮಿ ಮುತ್ತೈದಿ ಹಂಗ ನಿಂತೈತಿ, ಮ್ಯಾಲೆ ನಿನ್ನೆ ಶುಕ್ರವಾರ. ಕುಂಕುಮಾನ ನನ್ನ ಕೈಯಾರೆ ಒರಸಂದ್ರ ನನ್ನಿಂದ ಆಗೂದಿಲ್ರಿ."

"ಹಿಂಡೂದು?"

"ಹಿಂಡಾಕ ಹೋದ್ರ ಅದು ಅಳಸಿ ಹೊಕ್ಕೈತ್ರಿ."

ಅಡುಗೆಮನೆಯಲ್ಲಿ ಅರಿಷಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ಸುಮನ್‌ಗೆ ಗೊತ್ತಿತ್ತು. ಆ ಕೆಂಪು ಇನ್ನೊಬ್ಬಳ ಕಣ್ಣಿಗೆ ಏನಾಗಿ ಕಾಣುತ್ತದೆಂದು ಹೊಳೆದಿರಲಿಲ್ಲ. ಕಲ್ಲಯ್ಯ ಹಿಂದಿನಿಂದ, "ನಾ ಅವತ್ತ ಹೇಳಿದ್ದೆ, ಒಂದ ಸೂಜಿ ಅಂತ" ಎಂದ.

ಸುಮನ್ ಚೀಲ ಬಿಚ್ಚಿದಳು. ಥರ್ಮಾಮೀಟರ್ ಇಟ್ಟಳು. ಮೈ ಸ್ವಲ್ಪ ಬಿಸಿ, ಆದರೆ ಜ್ವರ ಅನ್ನುವಷ್ಟಿಲ್ಲ. ಚೀಲದಲ್ಲಿ ಸೂಜಿಯೂ ಇತ್ತು, ಔಷಧಿಯೂ ಇತ್ತು. ಹಾಕಿದರೆ ಎಮ್ಮೆ ಉಳಿಯುತ್ತದೆ, ಆದರೆ ದಿನಗಟ್ಟಲೆ ಹಾಲು ಚೆಲ್ಲಬೇಕಾಗಿ ಖಾನಾವಳಿ ಹೋಗುತ್ತದೆ. ಹಾಕದೆ ಬಿಟ್ಟು ಬಾವು ಏರಿದರೆ ಆ ಮೊಲೆ ಜನ್ಮಕ್ಕೆ ಬತ್ತುತ್ತದೆ. ನೀಲಿಯ ಬೆನ್ನ ಮೇಲೆ ಕೈಯಿಟ್ಟಳು. ನೀಲಿ ಬಾಗಿ ಒಂದು ಹಿಡಿ ಕಣಿಕೆ ಎಳೆದು ಜಗಿಯತೊಡಗಿತು.

"ನಾಳೆ ಮುಂಜಾನೆ ಮಟಾ ನೋಡೂಣು" ಎಂದಳು. "ಬಿಸಿನೀರು ತರ್ರಿ. ಒಂದ ಅರಿಬಿ."

ಅಕ್ಕವ್ವ ತಂದು ಕೊಟ್ಟು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು. ಸುಮನ್ ಸೀರೆ ಎತ್ತಿ ಸಿಕ್ಕಿಸಿ ಕೆಳಗೆ ಕುಳಿತಳು.

"ಆ ಕಡೆ ನೋಡಬ್ಯಾಡ್ರಿ, ಚಿಂತಿ ಇಲ್ಲ. ನಂದ ಒರಸಿ ಎಂಟ ವರ್ಷ ಆತು. ಎಮ್ಮಿದ ಒರಸಾಕ ನನಗೇನ ಅಂಜಿಕಿ?"

ಚೇಷ್ಟೆಗೆಂದೇ ಹೇಳಿದ ಮಾತು. ಗಂಡ ಮಾರ್ತಾಂಡ ತೀರಿದ ಮೇಲೆ ಅವಳು ಇಂಥವನ್ನು ಹೀಗೇ ಹಗುರವಾಗಿ ಆಡುತ್ತಿದ್ದಳು. ಆದರೆ ಗೋಡೆಯ ಕಡೆ ನಿಂತಿದ್ದ ಅಕ್ಕವ್ವ ಗಕ್ಕನೆ ತಿರುಗಿದಳು. ಬಂದು ಪಕ್ಕದಲ್ಲಿ ಕುಳಿತು ಸುಮನ್‌ಳ ಕೈಯಿಂದ ಒದ್ದೆ ಅರಿವೆ ಕಸಿದುಕೊಂಡಳು.

"ಹಂಗೆಲ್ಲ ಮಾತಾಡಬ್ಯಾಡ್ರಿ ಬಾಯಾರ. ಕೊಡ್ರಿ ಇಲ್ಲಿ."

ಕಸಿದುಕೊಂಡಳೇ ಹೊರತು ಕೈ ಮುಂದೆ ಹೋಗಲಿಲ್ಲ. ಅರಿವೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀವು ದಿನಾ ಮುಂಜಾನೆ ಜಳಕಾ ಮಾಡಿದಾಗ ನಿನ್ನಿ ಕುಂಕುಮ ಎಲ್ಲಿ ಹೊಕ್ಕೈತ್ರಿ?" ಸುಮನ್ ಮೆಲ್ಲಗೆ ಕೇಳಿದಳು.

"ನೀರಾಗ ಹೊಕ್ಕೈತಿ."

"ಅದಕ್ಕ ಒರಸೂದು ಅಂತಾರೇನ?"

"ಜಳಕಾ ಅಂತಾರ್ರಿ."

"ಜಳಕಾ ಮಾಡಿ ಹೊಸಾದು ಹಚ್ಚಗೊಂತೀರಿ. ನೀಲಿಗೂ ಜಳಕಾನ. ದಿನಕ್ಕ ಹತ್ತ ಸಲ ಆಗ್ಲಿ, ಸುಖಾ ಪಡ್ಲಿ."

ಕಲ್ಲಯ್ಯ, "ನನಗ ದಿನಕ್ಕ ಒಂದ ಸಲ ಬಿಸಿನೀರಿಲ್ಲ" ಎಂದ. ಅಕ್ಕವ್ವ ಮೊದಲ ಸಲ ನಕ್ಕಳು. ಒಂದು ತಂಬಿಗೆ ನೀರು ಎತ್ತಿ ಕೆಚ್ಚಲಿನ ಮೇಲೆ ನಿಧಾನವಾಗಿ ಸುರಿದಳು. ಕೆಂಪು ನೀರು ಕಲ್ಲು ಹಾಸಿನ ಮೇಲೆ ಹರಿದು ಹೋಯಿತು.

ಆ ದಿನ ಸುಮನ್ ಸಂಜೆಯ ಬಸ್ಸಿನವರೆಗೂ ಅಲ್ಲೇ ಇದ್ದಳು. ಹಿಂಡಿದಾಗ ಮೊದಲು ಬಂದದ್ದು ಗಂಟುಗಂಟು, ಹಳದಿ ನೀರು. ಮೂರನೆಯ ಸಲಕ್ಕೆ ನೀಲಿ ಒದೆಯುವುದನ್ನು ಬಿಟ್ಟಿತು. ರವಿವಾರ ಬೆಳಿಗ್ಗೆ ಕಲ್ಲಯ್ಯನೇ ಫೋನು ಮಾಡಿದ. ಮೈ ತಣ್ಣಗಿದೆ, ಕೆಚ್ಚಲಿನಲ್ಲಿ ಬೆರಳು ಒತ್ತಿದರೆ ಒಳಗೆ ಹೋಗುತ್ತದೆ ಎಂದ. ಸೂಜಿಯ ಮಾತು ಎತ್ತಲಿಲ್ಲ. "ಜಳಕಾ ನಡದೈತ್ರಿ. ಮನ್ಯಾಗಿನ ಕಟಗಿ ಎಲ್ಲಾ ಸುಟ್ಟಳು" ಎಂದಷ್ಟೇ ಹೇಳಿದ.

ಮುಂದಿನ ವಾರವೂ ಹಚ್ಚುವುದು ನಡೆಯಿತು. ಗಂಟು ಕರಗಿ ಹಾಲು ಬೆಳ್ಳಗಾಯಿತು. ಸುಮನ್ ಮಾದರಿಯನ್ನು ಬೆಳಗಾವಿಗೆ ತಂದು ಪರೀಕ್ಷೆ ಮಾಡಿಸಿದಳು. ಹಾಲು ಸರಿಯಿದೆ ಎಂದು ಬಂತು. ಮಂಗಳವಾರ ಆ ಸುದ್ದಿ ಹೇಳಲೆಂದೇ ಹೋದರೆ ಅಕ್ಕವ್ವ ನಂಬಲೊಲ್ಲಳು.

"ಕಾಗದಕ್ಕ ಹೆಪ್ಪ ಹಾಕಾಕ ಬರ್ತೈತೇನ್ರಿ? ಗಡಿಗಿ ಮತ್ತ ನೀರಾಗಿ ಬಂದ್ರ ನಾ ಊರಾಗ ಮುಖಾ ತೋರಸೂದು ಹೆಂಗ?"

"ಇಲ್ಲೇ ಒಂದ ವಾಟಗಾ ಹಾಲಿಗೆ ಹೆಪ್ಪ ಹಾಕಿ ನೋಡ್ರಿ."

"ಆಗಲಿಲ್ಲ ಅಂದ್ರ ನೆರಮನ್ಯಾಗ ಗೊತ್ತಾಕ್ಕೈತ್ರಿ."

"ಹಂಗಾದ್ರ ನನಗ ಕೊಡ್ರಿ. ನನ್ನ ಮನ್ಯಾಗ ಆಗಲಿಲ್ಲ ಅಂದ್ರ ಯಾರಿಗೂ ಗೊತ್ತಾಗೂದಿಲ್ಲ. ಆತು ಅಂದ್ರ ಮುಂಜಾನೆ ಫೋನ್ ಮಾಡ್ತೀನಿ, ಗಡಿಗಿ ತುಂಬರಿ."

ಅಕ್ಕವ್ವ ಆ ಮೊಲೆಯ ಹಾಲನ್ನೇ ಬೇರೆ ಹಿಂಡಿ ಸ್ಟೀಲಿನ ಡಬ್ಬಿಯಲ್ಲಿ ಕೊಟ್ಟಳು. ಬಸ್ಸಿನಲ್ಲಿ ಸುಮನ್‌ಗೆ ಕಿಟಕಿಯ ಸೀಟು ಸಿಕ್ಕಿತು. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಇವತ್ತು ಬಹಳ ಆರಾಮ ಅನಿಸುತ್ತಿದೆ ಎಂದು ಮಗಳಿಗೆ ಫೋನಿನಲ್ಲಿ ಹೇಳಿದಳು. ಮನೆಗೆ ಬಂದು ಕೈಕಾಲು ತೊಳೆದು ಮೊದಲು ಹಾಲು ಕಾಯಿಸಿದಳು. ಸಾನಿಕಾ ರೊಟ್ಟಿ ಬಡಿಯುತ್ತಿದ್ದಳು. ಇಬ್ಬರೂ ಊಟ ಮಾಡುವಷ್ಟರಲ್ಲಿ ಹಾಲು ಆರಿತು. ಸುಮನ್ ಕಿರುಬೆರಳು ಅದ್ದಿ ಬಿಸಿ ನೋಡಿದಳು. ಒಂದು ಚಮಚ ಹೆಪ್ಪು ಹಾಕಿ ಕದಡಿ ತಾಟು ಮುಚ್ಚಿದಳು. ಚಳಿ ಇತ್ತು. ತನ್ನ ಶಾಲನ್ನೇ ಪಾತ್ರೆಗೆ ಸುತ್ತಿ, ಒಲೆಯ ಕಟ್ಟೆಯ ಮೂಲೆಗೆ ಸರಿಸಿ, "ಮುಂಜಾನೆ ಮಟಾ ಇದನ್ನ ಅಲಗಾಡಸಬ್ಯಾಡ" ಎಂದು ಮಗಳಿಗೆ ಹೇಳಿ ಮಲಗಲು ಹೋದಳು.