ಮಂಗ ಓಡಿಸುವ ಡಬ್ಬ

ಮೊದಲು ಕೈಯಿಂದ ಜಾರಿದ್ದು ಬಾಳೆನಾರು.

ಬೆಳಿಗ್ಗೆ ಒಂಬತ್ತು ಗಂಟೆ ಆಗಿರಬಹುದು. ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದೆ. ಶಿರ್ವದ ಈ ಕಡೆ ಮನೆಮನೆಯಲ್ಲೂ ಮಲ್ಲಿಗೆ ಗಿಡ ಉಂಟು. ಬಿಸಿಲು ಬರುವ ಮೊದಲೇ ಮೊಗ್ಗು ಕೊಯ್ದು, ಕಟ್ಟಿ, ಹತ್ತು ಗಂಟೆಗೆ ಹೂವಿನ ಏಜೆಂಟ್ ಬೈಕಿನಲ್ಲಿ ಬಂದಾಗ ಗೇಟಿನಲ್ಲಿ ಕೊಡಬೇಕು. ಮದುವೆಗೆ ಮೊದಲಿನಿಂದ ಮಾಡಿದ ಕೆಲಸ, ಕಣ್ಣು ಮುಚ್ಚಿ ಕಟ್ಟಬಲ್ಲೆ. ಆ ದಿನ ನಾಲ್ಕು ಮೊಗ್ಗು ಇಟ್ಟು ನಾರು ಸುತ್ತಿದರೆ ಗಂಟು ಬೀಳಲಿಲ್ಲ. ಮತ್ತೆ ಸುತ್ತಿದೆ. ಮೊಗ್ಗು ಮಡಿಲಿಗೆ ಉದುರಿತು. ಬಲಗೈ ಜೋಮು ಹಿಡಿದಿದೆ ಎಂದುಕೊಂಡೆ. ಕೈಗೆ ಬೈದೆ ಕೂಡ.

ತಣ್ಣೀರು ಹಾಕಿದರೆ ಸರಿಯಾದೀತು ಎಂದು ಹಿತ್ತಿಲಿಗೆ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹೋದೆ.

ಬಲಗಾಲು ಜೊತೆಗೆ ಬರಲಿಲ್ಲ.

ಬಿದ್ದೆ. ನೋವಾಗಲಿಲ್ಲ. ನೋವಾಗಲಿಲ್ಲ ಎಂದೇ ಹೆದರಿಕೆಯಾಯಿತು. ಕೂಗಿದೆ. ಬಾಯಿಯಿಂದ ಬಂದದ್ದು ಮಾತಲ್ಲ, ಕರುವಿನ ಹಾಗೆ ಒಂದು ಸ್ವರ. ಅದೂ ಗೋಡೆ ದಾಟುವಷ್ಟು ದೊಡ್ಡದಲ್ಲ. ಮನೆಯಲ್ಲಿ ಯಾರೂ ಇರಲಿಲ್ಲ, ಇರುವ ಹೊತ್ತೂ ಅಲ್ಲ. ಮಗಳು ಶಶಿ ಉಡುಪಿಯ ಬಟ್ಟೆ ಅಂಗಡಿಗೆ, ಅಳಿಯ ಕಾರ್ಕಳದ ಕಡೆ ಟೆಂಪೊ ಓಡಿಸಲಿಕ್ಕೆ, ಮೊಮ್ಮಗಳು ಕಾಲೇಜಿಗೆ. ಎಂಟು ಗಂಟೆಗೆಲ್ಲ ಮನೆ ಖಾಲಿ.

ಕಲ್ಲಿನ ಪಕ್ಕ ಮಂಗ ಓಡಿಸುವ ಡಬ್ಬ ಇತ್ತು. ಹಳೆಯ ಎಣ್ಣೆ ಡಬ್ಬ, ಅದರ ಮೇಲೊಂದು ಕೋಲು. ನಮ್ಮಲ್ಲಿ ಎಲ್ಲರ ಹಿತ್ತಿಲಿನಲ್ಲೂ ಅಂಥದ್ದೊಂದು ಇರುತ್ತದೆ. ಕೋಲು ಎಡಗೈಗೆ ಸಿಕ್ಕಿತು. ಬಡಿದೆ.

ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಪಕ್ಕದ ಮನೆಯ ಲಿಲ್ಲಿಯ ಡಬ್ಬ ಶುರುವಾಯಿತು. ಅದರಾಚೆ ಮಾಸ್ಟ್ರ ಮನೆಯಲ್ಲಿ ಪಟಾಕಿ. ಅದರಾಚೆ ಇನ್ನೊಂದು ಡಬ್ಬ. ನಾನು ಜೋರಾಗಿ ಬಡಿದರೆ ಅವರೂ ಜೋರಾಗಿ ಬಡಿದರು.

“ಅಕ್ಕಾ, ಈಚೆ ಓಡಿಸಬೇಡ ಮಾರಾಯ್ತಿ,” ಲಿಲ್ಲಿ ಕೂಗಿದಳು. “ನನ್ನ ಪಪ್ಪಾಯಿ ಈಗಷ್ಟೇ ಹಣ್ಣಾಗ್ತಾ ಉಂಟು. ನಿನ್ನ ಮಂಗ ನಿನ್ನಲ್ಲೇ ಇರಲಿ.”

ಮಂಗ ಇರಲೇ ಇಲ್ಲ.

ಲಿಲ್ಲಿಯನ್ನು ಕೆಟ್ಟವಳು ಎಂದು ಹೇಳುವುದಿಲ್ಲ. ಅವಳು ಮದುವೆಯಾಗಿ ಪಕ್ಕದ ಮನೆಗೆ ಬಂದಾಗ ಮಲ್ಲಿಗೆ ಕಟ್ಟಲು ಕಲಿಸಿದವಳು ನಾನು. ಇಬ್ಬರೂ ಒಂದೇ ಜಗಲಿಯಲ್ಲಿ ಕೂತು ಕಟ್ಟುತ್ತಿದ್ದೆವು. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಮೊದಲು ಅವಳ ಗಿಡದ ಮೊಗ್ಗು ಕೊಯ್ಯಬೇಕು, ಆಮೇಲೆ ತನ್ನದು. ಯಾರೂ ಮಾಡಿದ ಕಾನೂನಲ್ಲ. ಮೊಗ್ಗು ಕಾಯುವುದಿಲ್ಲ, ಅಷ್ಟೇ. ಬೇಲಿಯಲ್ಲಿ ಕಾಲೆತ್ತಿ ದಾಟುವ ಒಂದು ದಾರಿ ಇತ್ತು, ನಾವು ತಡಮೆ ಎನ್ನುವುದು. ದಿನಕ್ಕೆ ಹತ್ತು ಸಲ ದಾಟುತ್ತಿದ್ದೆವು.

ಆಗಲೂ ಮಂಗ ಬರುತ್ತಿತ್ತು. ಒಂದು ಮನೆಯಲ್ಲಿ ಡಬ್ಬ ಕೇಳಿದರೆ ನಾಲ್ಕು ಮನೆಯವರು ಹೊರಗೆ ಬರುತ್ತಿದ್ದರು. ಸಾಲಾಗಿ ನಿಂತು ಗುಡ್ಡೆಯವರೆಗೆ ಓಡಿಸಿ, ಹಿಂದೆ ಬರುವಾಗ ಯಾರದೋ ಮನೆಯಲ್ಲಿ ಚಹಾ ಕುಡಿದು ಬರುವುದು. ಈಗ ಗುಡ್ಡೆಯಲ್ಲಿ ಸೈಟು ಮಾಡಿದ್ದಾರೆ. ಮಂಗಕ್ಕೆ ಹೋಗಲಿಕ್ಕೆ ಜಾಗ ಇಲ್ಲ. ಹಾಗಾಗಿ ಒಬ್ಬೊಬ್ಬರೂ ತಮ್ಮ ಹಿತ್ತಿಲಿನಿಂದ ಪಕ್ಕದ ಹಿತ್ತಿಲಿಗೆ ಓಡಿಸುವುದು. ಡಬ್ಬ ಕೇಳಿದ ಕೂಡಲೇ ನಾವೂ ಬಡಿಯುವುದು, ನಮ್ಮಲ್ಲಿಗೆ ಬಾರದೆ ಇರಲಿ ಎಂದು. ನಾನೂ ಹಾಗೆಯೇ ಮಾಡಿದವಳು. ಇಷ್ಟು ವರ್ಷದಲ್ಲಿ ಒಂದು ದಿನವೂ ಗೋಡೆಯಾಚೆ ಇಣುಕಿ ನೋಡಿದ್ದಿಲ್ಲ.

ಗೋಡೆಯೂ ಲಿಲ್ಲಿಯೊಬ್ಬಳದೇ ತಪ್ಪಲ್ಲ. ಅವಳ ಮಗ ಮಸ್ಕತ್ತಿನಿಂದ ಬಂದು ಕೆಂಪು ಕಲ್ಲಿನ ಗೋಡೆ ಕಟ್ಟಿಸುವಾಗ ಮೇಸ್ತ್ರಿ ನನ್ನನ್ನು ಕೇಳಿದ್ದ, “ತಡಮೆಯ ಜಾಗದಲ್ಲಿ ಚಿಕ್ಕ ಗೇಟು ಬಿಡಬೇಕಾ ಅಮ್ಮ?”

“ಎಂತಕ್ಕೆ?” ಎಂದೆ. “ಅವಳ ಕೋಳಿ ಬಂದು ನನ್ನ ಮಲ್ಲಿಗೆ ಬುಡ ಕೆದರಲಿಕ್ಕಾ? ಮುಚ್ಚು.”

ಮುಚ್ಚಿದ. ಗಟ್ಟಿಯಾಗಿಯೇ ಮುಚ್ಚಿದ.

ಹತ್ತು ಗಂಟೆಗೆ ಏಜೆಂಟಿನ ಬೈಕು ಬಂತು. ಮೂರು ಸಲ ಹಾರ್ನ್ ಹಾಕಿದ. ಇಂದು ಹೂ ಇಲ್ಲ ಎಂದುಕೊಂಡು ಹೋದ. ಅವನಿಗೆ ಇನ್ನೂ ಮೂವತ್ತು ಗೇಟು ಉಂಟು. ಇಗರ್ಜಿಯ ಹನ್ನೆರಡರ ಗಂಟೆ ಕೇಳಿತು. ಕಲ್ಲಿನ ಮೇಲಿನ ನೆರಳು ಸರಿದು ಮುಖಕ್ಕೆ ಬಿಸಿಲು ಬಿತ್ತು. ಎಡಗೈ ಸೋತು ಕೋಲು ಬಿಟ್ಟೆ. ಸೀರೆ ಒದ್ದೆಯಾಯಿತು. ನಾಚಿಕೆಯೂ ಆಗಲಿಲ್ಲ, ನೋಡುವವರು ಇದ್ದರಲ್ಲವೇ ನಾಚಿಕೆ.

ಶಶಿ ಊಟದ ಹೊತ್ತಿಗೆ ಫೋನ್ ಮಾಡಿದಳಂತೆ. ನಾಲ್ಕು ಸಲ ಮಾಡಿದಳು. ಲಿಲ್ಲಿಗೆ ಮಾಡೋಣ ಎಂದರೆ ಅವಳ ನಂಬರ್ ಶಶಿಯ ಹತ್ತಿರ ಇರಲಿಲ್ಲ. ಚಿಕ್ಕವಳಿದ್ದಾಗ ಲಿಲ್ಲಿಯ ಮಡಿಲಲ್ಲಿ ನಿದ್ದೆ ಮಾಡಿದ ಹುಡುಗಿ. ಬಸ್ಸು ಹಿಡಿದು ಬರುವಾಗ ಮೂರು ಗಂಟೆ.

ಮಣಿಪಾಲಕ್ಕೆ ಕೊಂಡು ಹೋದರು. ಸಿಟಿ ಸ್ಕ್ಯಾನ್ ಮಾಡಿದರು. ಸ್ಟ್ರೋಕ್ ಎಂದರು. ಡಾಕ್ಟರ್ ಹುಡುಗಿ, ನನ್ನ ಮೊಮ್ಮಗಳಿಗಿಂತ ಸ್ವಲ್ಪ ದೊಡ್ಡವಳು ಇರಬಹುದು, ಶಶಿಯನ್ನು ಕೇಳಿದಳು.

“ಅಜ್ಜಿ ಬಿದ್ದದ್ದು ಎಷ್ಟು ಗಂಟೆಗೆ?”

“ಗೊತ್ತಿಲ್ಲ ಡಾಕ್ಟ್ರೇ. ಹೂವು ಅರ್ಧ ಕಟ್ಟಿ ಆಗಿತ್ತು. ಒಂಬತ್ತಕ್ಕೆ ಇರಬೇಕು.”

“ಬಿದ್ದು ನಾಲ್ಕೂವರೆ ಗಂಟೆಯ ಒಳಗೆ ಬಂದಿದ್ದರೆ ಒಂದು ಇಂಜೆಕ್ಷನ್ ಕೊಡಬಹುದಿತ್ತು. ಕೈ ಉಳಿಯುವ ಚಾನ್ಸ್ ಇತ್ತು. ಈಗ ಕೊಟ್ಟು ಪ್ರಯೋಜನ ಇಲ್ಲ. ಅಕ್ಕಪಕ್ಕದಲ್ಲಿ ಮನೆ ಇಲ್ವಾ?”

ನನಗೆ ಎಲ್ಲ ಕೇಳುತ್ತಿತ್ತು. ಮಾತು ಬರುತ್ತಿದ್ದರೆ ನಾನೇ ಹೇಳುತ್ತಿದ್ದೆ, ಉಂಟು ಮಗಾ, ಸುತ್ತ ಮನೆಯೇ.

ಹನ್ನೊಂದು ದಿನ ವಾರ್ಡಿನಲ್ಲಿ ಮಲಗಿದೆ. ಮೂಗಿನಲ್ಲಿ ಟ್ಯೂಬ್. ನಾಲಗೆ ದಪ್ಪ ಚರ್ಮದ ತುಂಡಿನ ಹಾಗೆ. ಬಲಗೈ ಹಾಸಿಗೆಯ ಮೇಲೆ ಬೇರೆಯವರದ್ದು ಎಂಬಂತೆ ಬಿದ್ದಿತ್ತು. ನನ್ನ ಗಂಡನಿಗೆ ಹಾವು ಕಚ್ಚಿದ ವರ್ಷ ಆಸ್ಪತ್ರೆಯ ಜಗಲಿಯಲ್ಲಿ ಊರಿನವರು ಚಾಪೆ ಹಾಸಿ ಮಲಗಿದ್ದರು, ಓಡಿಸಿದರೂ ಹೋಗದೆ. ಈಗ ಶಶಿಯ ಮೊಬೈಲಿಗೆ ಕೈಮುಗಿದ ಚಿತ್ರ ಬಂತು, ಬೇಗ ಗುಣವಾಗಲಿ ಎಂದು. ಒಬ್ಬರು ಹಾಕಿದ್ದನ್ನು ನೋಡಿ ಇನ್ನೊಬ್ಬರು ಹಾಕಿದರು, ಡಬ್ಬ ಬಡಿದ ಹಾಗೆಯೇ. ಮೊಮ್ಮಗಳು ಒಂದೊಂದಾಗಿ ತೋರಿಸಿದಳು. ಮುಖ ಆಚೆ ತಿರುಗಿಸಿದೆ.

ಮನೆಗೆ ಬಂದ ಮೂರನೇ ದಿನ ಲಿಲ್ಲಿ ಬಂದಳು. ಅವಳ ಗೇಟು ದಾಟಿ, ರಸ್ತೆಗೆ ಇಳಿದು, ನಮ್ಮ ಗೇಟು ತೆಗೆದು ಬರಬೇಕು. ಅವಳಿಗೆ ಮಂಡಿ ನೋವು. ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತಳು. ಒಂದು ಪಪ್ಪಾಯಿ ತಂದಿದ್ದಳು.

“ಮಂಗ ಅಂದುಕೊಂಡೆ ಅಕ್ಕ.”

“ಗೊತ್ತು,” ಎಂದೆ. ಆಗ ನನ್ನ ಮಾತು ಸ್ವಲ್ಪ ಸ್ವಲ್ಪ ತಿಳಿಯುತ್ತಿತ್ತು.

“ನನ್ನ ಮೇಲೆ ಸಿಟ್ಟು ಉಂಟಾ?”

“ಉಂಟು.”

ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ನಾನು ಬಿದ್ದಿದ್ದರೆ ನೀನೂ ಡಬ್ಬವನ್ನೇ ಬಡಿಯುತ್ತಿದ್ದೆ ಅಲ್ವಾ?”

“ಹೌದು. ನಿನಗಿಂತ ಜೋರಾಗಿ.”

ಪಪ್ಪಾಯಿ ನಮ್ಮಿಬ್ಬರ ನಡುವೆ ಇತ್ತು.

“ಗೋಡೆಗೆ ಒಂದು ಬಾಗಿಲು ತೆಗೆಸು ಲಿಲ್ಲಿ,” ಎಂದೆ. ಮುಚ್ಚಿಸಿದವಳು ನಾನು, ಕೇಳಬೇಕಾದವಳೂ ನಾನೇ.

“ಮಗನ ಹತ್ತಿರ ಕೇಳ್ತೇನೆ.”

ಕೇಳಿದಳು. ಗೋಡೆ ಒಡೆದರೆ ಸೇಫ್ಟಿ ಇಲ್ಲ ಎಂದನಂತೆ. ಅದರ ಬದಲು ಗೋಡೆಯ ಮೇಲೆ ಕ್ಯಾಮೆರಾ ಹಾಕಿಸಿದ. ಈಗ ನನ್ನ ಬಟ್ಟೆ ಒಗೆಯುವ ಕಲ್ಲು ಮಸ್ಕತ್ತಿನಲ್ಲಿ ಅವನ ಫೋನಿನಲ್ಲಿ ಕಾಣುತ್ತದೆ. ಗೋಡೆಯ ಆಚೆ ಕೂತ ಲಿಲ್ಲಿಗೆ ಕಾಣುವುದಿಲ್ಲ, ಅವಳಿಗೆ ಅಂಥ ಫೋನ್ ನೋಡಲಿಕ್ಕೆ ಬರುವುದಿಲ್ಲ.

ಆರು ತಿಂಗಳಾಯಿತು. ವಾಕರ್ ಹಿಡಿದು ನಡೆಯುತ್ತೇನೆ. ಫಿಸಿಯೋಥೆರಪಿಯವಳು ಎಡಗೈಯಲ್ಲಿ ದಿನಕ್ಕೆ ಒಂದು ಪುಟ ಬರೆಯಿರಿ ಎಂದಳು, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಇದನ್ನು ಬರೆಯುತ್ತಿದ್ದೇನೆ. ಬಲಗೈಯ ಬೆರಳು ಮುಚ್ಚಿದ್ದು ಬಿಚ್ಚುವುದಿಲ್ಲ. ಡಾಕ್ಟರ್ ಈಗ ಅದರ ಮಾತೇ ಎತ್ತುವುದಿಲ್ಲ. ನಾನೂ ಕೇಳುವುದಿಲ್ಲ. ಭಾನುವಾರ ಶಶಿ ಮೊಗ್ಗು ಕೊಯ್ಯುತ್ತಾಳೆ. ಉಳಿದ ದಿನ ಗಿಡದಲ್ಲೇ ಅರಳುತ್ತದೆ. ಅರಳಿದ ಮಲ್ಲಿಗೆ ಯಾರಿಗೂ ಬೇಡ. ಬೆಳಿಗ್ಗೆ ಲಿಲ್ಲಿ ತನ್ನ ಗಿಡದ ಮೊಗ್ಗು ಕೊಯ್ದು ಒಳಗೆ ಹೋಗುವ ಸದ್ದು ಕೇಳುತ್ತದೆ. ಅವಳಿಗೂ ವಯಸ್ಸಾಯಿತು, ಎರಡು ಗೇಟು ದಾಟಿ ಬಂದು ಕೊಯ್ಯಲಿಕ್ಕೆ ಆಗುವುದಿಲ್ಲ. ನಿಜವೇ. ಆದರೆ ಬರಬೇಕು ಎಂದು ಅವಳಿಗೆ ತೋರುತ್ತದೆಯೇ ಎಂದು ಕೇಳಲಿಲ್ಲ. ಉತ್ತರ ಗೊತ್ತಾದರೆ ನನಗೇನು ಲಾಭ.

ಕಳೆದ ವಾರ ಮಧ್ಯಾಹ್ನ ಹಿತ್ತಿಲಿನಲ್ಲಿ ಕೂತಿದ್ದಾಗ ಲಿಲ್ಲಿಯ ಡಬ್ಬ ಕೇಳಿತು. ಕೂಡಲೇ ಮಾಸ್ಟ್ರ ಮನೆಯಲ್ಲಿ ಪಟಾಕಿ. ನನ್ನ ಎಡಗೈ ತಾನಾಗಿಯೇ ಕೋಲಿಗೆ ಹೋಯಿತು. ಅಷ್ಟು ಅಭ್ಯಾಸ.

ಬಡಿಯಲಿಲ್ಲ. ಎಲ್ಲರೂ ಬಡಿದರೆ ಯಾರ ಡಬ್ಬ ಯಾತಕ್ಕೆ ಎಂದು ತಿಳಿಯುವುದಿಲ್ಲ. ವಾಕರ್ ತಳ್ಳಿಕೊಂಡು ಗೋಡೆಯ ಬುಡಕ್ಕೆ ಹೋದೆ. ಇಪ್ಪತ್ತು ಹೆಜ್ಜೆ, ನನಗೆ ಈಗ ಅದು ಕಾಪು ಪೇಟೆಯವರೆಗೆ ನಡೆದಷ್ಟು. ಕಲ್ಲಿಗೆ ಬಾಯಿ ಹತ್ತಿರ ತಂದು ಕೇಳಿದೆ.

“ಲಿಲ್ಲೀ, ಎಂತ?”

ಡಬ್ಬ ನಿಂತಿತು.

“ಮಂಗ ಮಾರಾಯ್ತಿ,” ಎಂದಳು. “ಮಂಗವೇ. ನೀನು ಒಳಗೆ ಹೋಗು, ಬಿದ್ದೀಯ.”

ಮಂಗಗಳು ಗೋಡೆ ಹತ್ತಿ ನನ್ನ ಹಿತ್ತಿಲಿಗೆ ಇಳಿದವು. ದೊಡ್ಡದೊಂದು ಕಲ್ಲಿನ ಮೇಲೆ, ನಾನು ಬಿದ್ದ ಜಾಗದಲ್ಲಿಯೇ, ಕೂತು ನನ್ನನ್ನು ನೋಡಿತು. ಇದ್ದ ನಾಲ್ಕು ಪೇರಳೆ ಕಾಯಿ ಹೋಯಿತು.

ಹೋಗಲಿ. ಅವಳು ಬಿದ್ದಿರಲಿಲ್ಲ.