ಬಚ್ಚಲ ಬಾಗಿಲ ಮೇಲೆ ಹಬ್ಬದೂಟ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಹ್ಞೂಂ ಮಾಸ್ಟರ್ ಎಂದೇ ಕರೆಯುತ್ತಿದ್ದರು. ಔಷಧಿ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಜನರ ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಡುವುದು ಅವನ ಕಸುಬು. ಬೆಳಗಿನಿಂದ ಸಂಜೆಯವರೆಗೆ ತುಟಿಗಳ ನಡುವೆ ಗುಂಡುಸೂಜಿ ಕಚ್ಚಿಕೊಂಡಿರುವವನು ಮಾತಾಡುವುದಾದರೂ ಹೇಗೆ? ಸರಿಯಿದ್ದರೆ ‘ಹ್ಞೂಂ’, ಇಲ್ಲದಿದ್ದರೆ ‘ಊಹೂಂ’. ಮನೆಯಲ್ಲಿ ಇದ್ದದ್ದು ಅವನು ಮತ್ತು ಅವನ ತಾಯಿ. ಆಕೆಯೂ ಮಾತಿಗೆ ಜಿಪುಣಿಯೇ. ಊಟದ ಹೊತ್ತಿನಲ್ಲಿ ಅವರಿಬ್ಬರಿಗಿಂತ ಗೋಡೆ ಗಡಿಯಾರವೇ ಹೆಚ್ಚು ಮಾತಾಡುತ್ತಿತ್ತು.

ಇಂಥವನಿಗೆ ಮಾತಿನ ಮಲ್ಲಿಯೊಬ್ಬಳು ಗಂಟುಬಿದ್ದಳು. ಅಪ್ಪನ ಪ್ಯಾಂಟು ಗಿಡ್ಡ ಮಾಡಿಸಲು ತಂದವಳು, ಇನ್ನೂ ಉದ್ದವಿದೆ ಎಂದು ಮತ್ತೆ ತಂದಳು, ಇನ್ನೊಂದು ಚೂರು ಎಂದು ಮತ್ತೂ ತಂದಳು. ಆ ಪ್ಯಾಂಟು ಚಡ್ಡಿಯಾಗುವ ಹೊತ್ತಿಗೆ ಇವರ ಮದುವೆ ಗೊತ್ತಾಗಿತ್ತು. “ನನ್ನ ಮದುವೆ ಆಗ್ತೀರಾ?” ಎಂದು ಕೇಳಿದವಳೂ ಅವಳೇ. ಬಾಯಲ್ಲಿ ಸೂಜಿಯಿದ್ದ ಕಾರಣ ಅವನು ಎಂದಿನ ಉತ್ತರವನ್ನೇ ಕೊಟ್ಟಿದ್ದ.

ಮದುವೆಯಾದ ಮೇಲಿನ ಮೊದಲ ಹಬ್ಬದೂಟ ಮಾವನ ಮನೆಯಲ್ಲಿ. ಚಿಕ್ಕಪ್ಪ ದೊಡ್ಡಪ್ಪಂದಿರು, ಸೋದರತ್ತೆಯರು, ಅವರ ಮಕ್ಕಳು ಮರಿ ಎಲ್ಲ ಸೇರಿ, ಎಳ್ಳು ಹಾಕಿದರೂ ಕೆಳಗೆ ಬೀಳದಷ್ಟು ಜನ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು, ಕೇಳಿಸಿಕೊಳ್ಳುವ ಕೆಲಸಕ್ಕೆ ಮಾತ್ರ ಯಾರೂ ಇರಲಿಲ್ಲ. ಹೊಸ ಅಳಿಯ ಹೊಸ್ತಿಲು ದಾಟಿದ್ದೇ ತಡ, ಒಬ್ಬೊಬ್ಬರೂ ಹಣ್ಣಿನ ರಸದ ಲೋಟ ಹಿಡಿದು ಮುತ್ತಿಕೊಂಡರು. “ಅವಳ ಕೈಯಿಂದ ಕುಡಿದ್ರಿ, ನನ್ನ ಕೈಯಿಂದ ಬೇಡ್ವಾ?” ಎಂದರೆ ಏನು ಹೇಳುವುದು? ಆ ಗದ್ದಲದಲ್ಲಿ ಅವನ ‘ಊಹೂಂ’ ಕೂಡ ‘ಹ್ಞೂಂ’ ಎಂದೇ ಕೇಳಿಸುತ್ತಿತ್ತು. ಹೊಟ್ಟೆ ಕೊಡವಾಯಿತು.

ಊಟದ ಮೇಜು ಅರ್ಧ ಜನಕ್ಕೂ ಸಾಲುವಂತಿರಲಿಲ್ಲ. ಹೆಂಡತಿಯ ಅಣ್ಣನಿಗೆ ಮನೆಯವರು ಇಟ್ಟ ಹೆಸರು ಐಡಿಯಾ. ಅವನಿಗೊಂದು ಉಪಾಯ ಹೊಳೆದರೆ ಉಳಿದವರು ಬ್ಯಾಂಡೇಜು ಹುಡುಕುವುದು ರೂಢಿ. “ಇರಿ, ಬಂದೆ” ಎಂದು ಸ್ಕ್ರೂ ಡ್ರೈವರ್ ಹಿಡಿದು ಮಾಯವಾದ ಐಡಿಯಾ, ತಲೆಯ ಮೇಲೆ ಒಂದು ಬಾಗಿಲು ಹೊತ್ತು ಬಂದ. ಎರಡು ಡ್ರಮ್ಮಿನ ಮೇಲೆ ಬಾಗಿಲು, ಬಾಗಿಲ ಮೇಲೊಂದು ಬಿಳಿ ಬಟ್ಟೆ: ಮೇಜು ತಯಾರು. “ಯಾವ ಬಾಗಿಲೋ ಅದು?” ಎಂದು ಅತ್ತೆ ಅಡುಗೆಮನೆಯಿಂದ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಅನ್ನ, ಹುರಿದ ಕೋಳಿ, ಆಲೂಗಡ್ಡೆ, ಹಂಡೆಯಂಥ ಪಾತ್ರೆಯಲ್ಲಿ ಸೂಪು, ಎಲ್ಲ ಅದರ ಮೇಲೆ ಬಂದು ಕೂತವು.

ಎರಡು ತುತ್ತು ತಿನ್ನುವುದರೊಳಗೆ, ಕುಡಿದ ರಸವೆಲ್ಲ ಲೆಕ್ಕ ಕೇಳತೊಡಗಿತು. ಅವನು ಮೆಲ್ಲಗೆ ಎದ್ದು ಓಣಿಯಂಥ ಹಾದಿ ದಾಟಿ ಬಚ್ಚಲಿಗೆ ಹೋದ. ಕಕ್ಕಸು, ಸ್ನಾನ ಎಲ್ಲಕ್ಕೂ ಅದೊಂದೇ ಕೋಣೆ. ಕೋಣೆಯಿತ್ತು, ಬಾಗಿಲಿರಲಿಲ್ಲ. ತಿರುಗಿ ನೋಡಿದರೆ ಊಟದ ಮೇಜು ನೇರ ಎದುರಿಗೆ. ಅಲ್ಲಿಂದ ಮಾವ ಕೋಳಿಯ ಮೂಳೆ ಎತ್ತಿ “ಏನ್ ಬೇಕು ಅಳಿಯಂದ್ರೇ?” ಎಂದು ಕೈ ಬೀಸಿದರು.

ಊಹೂಂ ಎಂದು ತಲೆಯಾಡಿಸಿ ವಾಪಸು ಬಂದು ಕಾಲ ಮೇಲೆ ಕಾಲು ಹಾಕಿ ಕೂತ. ಆಮೇಲೆ ಆ ಕಾಲನ್ನು ಈ ಕಾಲ ಮೇಲೆ. ಹಣೆಯಲ್ಲಿ ಬೆವರು. ಪಕ್ಕದಲ್ಲಿದ್ದ ಹೆಂಡತಿಯ ಅಜ್ಜಿಗೆ ಕಿವಿ ಮಂದ, ಕಣ್ಣು ಚುರುಕು. ತನಗೆ ಕೇಳಿಸದ್ದು ಯಾರಿಗೂ ಕೇಳಿಸದೆಂದು ನಂಬಿ ಆಕೆ ಗಂಟಲು ಹರಿಯುವಂತೆ ಪಿಸುಗುಟ್ಟಿದರು:

“ಅಳಿಯಂದ್ರಿಗೆ ಒಂದಕ್ಕೆ ಬಂದಿದೆ!”

ಆ ಮನೆ ಕಟ್ಟಿದಂದಿನಿಂದ ಅಷ್ಟು ನಿಶ್ಶಬ್ದ ಆಗಿದ್ದೇ ಇಲ್ಲವಂತೆ. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡ ಅವನು. ಅತ್ತೆ ಬಚ್ಚಲ ಕಡೆ ನೋಡಿದರು, ಮೇಜಿನ ಬಟ್ಟೆ ಎತ್ತಿ ನೋಡಿದರು.

“ಅಯ್ಯೋ ಪಾಪಿ! ಬಚ್ಚಲ ಬಾಗಿಲ ಮೇಲೆ ಊಟ ಬಡಿಸಿದ್ದೀಯಲ್ಲೋ!”

“ತೊಳ್ದಿದೀನಮ್ಮ,” ಎಂದ ಐಡಿಯಾ.

“ಯಾವಾಗ?”

“ಹೋದ ಹಬ್ಬಕ್ಕೆ.”

ಪಕ್ಕದ ಮನೆಗೆ ಕಳಿಸೋಣವೆಂದರೆ ಅಲ್ಲಿ ಬೀಗ. ಬಾಗಿಲು ಎತ್ತೋಣವೆಂದರೆ ಮೇಲೆ ಸೂಪು. ಆಗ ಎದ್ದರು ಮಾವ. ಜೀವಮಾನವೆಲ್ಲ ಬಸ್ಸು ಓಡಿಸಿದವರು. ಜನರನ್ನು ಎತ್ತ ತಿರುಗಿಸಬೇಕೆಂಬುದು ಅವರಿಗೆ ಗೊತ್ತು. “ಎಲ್ಲಾ ಎದ್ದು ಆ ಕಡೆ ತಿರುಗಿ! ಹಿಂದೆ ನೋಡಿದವ್ರಿಗೆ ಸಿಹಿ ಇಲ್ಲ! ಅಳಿಯಂದ್ರಿಗೆ ಸಂಕೋಚ ಆಗ್ಬಾರ್ದು, ಜೋರಾಗಿ ಹಾಡಿ!”

ಹೆಂಡತಿ, ಐಡಿಯಾ ಇಬ್ಬರೂ ಹೊದಿಕೆಯೊಂದನ್ನು ಬಚ್ಚಲ ಬಾಯಿಗೆ ಅಡ್ಡ ಹಿಡಿದರು. ಉಳಿದವರು ಗೋಡೆಗೆ ಮುಖ ಮಾಡಿ ಹಾಡತೊಡಗಿದರು. ತಲೆಗೊಂದು ಹಾಡು, ತಲೆಗೊಂದು ತಾಳ. ಒಳಗೆ ಅವನು ಕಣ್ಣು ಮುಚ್ಚಿ ನಿಂತ. ನಾಚಿಕೆಗೆ ಎಲ್ಲವೂ ಕಟ್ಟಿಹೋಗಿತ್ತು. ಕೊನೆಗೆ ಹೇಗೋ ಶುರುವಾಗುವಷ್ಟರಲ್ಲಿ, ಅದೇನು ಗ್ರಹಚಾರವೋ, ಹೊರಗಿನವರೆಲ್ಲ ಒಟ್ಟಿಗೆ ಉಸಿರು ತೆಗೆದುಕೊಳ್ಳಲು ನಿಂತರು.

ಹೊದಿಕೆಯ ಹಿಂದಿನಿಂದ ಸಿಡಿಲಿನಂಥ ದನಿ ಬಂತು: “ನಿಲ್ಲಿಸ್ಬೇಡೀ! ಹಾಡೀ!”

“ರೀ!” ಎಂದು ಹೆಂಡತಿ ಹೊದಿಕೆ ಬಿಡುವುದರಲ್ಲಿದ್ದಳು.

“ಅಳಿಯಂದ್ರು ಮಾತಾಡ್ತಾರೆ ಕಣ್ರೋ!” ಎಂದು ಒಬ್ಬ ಚಿಕ್ಕಪ್ಪ ಕುಣಿದೇಬಿಟ್ಟ. ಆ ಖುಷಿಗೆ ಹಾಡು ಇಮ್ಮಡಿಯಾಯಿತು. ಅಜ್ಜಿಯೂ ತಟ್ಟೆ ಬಡಿದರು.

ಎಲ್ಲರೂ ನಗುತ್ತಾರೆಂದು ಕಿವಿ ಕೆಂಪು ಮಾಡಿಕೊಂಡು ಹೊರಬಂದರೆ, ಅವನತ್ತ ನೋಡುವವರೇ ಇಲ್ಲ. ಅಪಸ್ವರ ಯಾರದೆಂದು ಆಗಲೇ ಜಗಳ ಹತ್ತಿತ್ತು. ಹಗುರಾಗಿ ಬಂದು ಕೂತ. ಹೊಟ್ಟೆಯಲ್ಲೀಗ ಜಾಗವಿತ್ತು, ಆದರೆ ತಟ್ಟೆಯಲ್ಲಿ ಬಿಟ್ಟುಹೋಗಿದ್ದ ಕೋಳಿಯ ಕಾಲು ಇರಲಿಲ್ಲ. ಎದುರಿಗೆ ಐಡಿಯಾ ಏನನ್ನೋ ಅವಸರದಲ್ಲಿ ಜಗಿಯುತ್ತಿದ್ದ.

“ಭಾವಾ, ಅದು ನಂದು!” ಎಂದು ಗುಡುಗಿ, ಮೇಜಿನ ಮೇಲೆ ಬಗ್ಗಿ, ಅವನ ಕೈಯಿಂದ ಅರ್ಧ ತಿಂದ ಕಾಲನ್ನು ಕಿತ್ತುಕೊಂಡು, ಉಳಿದರ್ಧವನ್ನು ಹ್ಞೂಂ ಮಾಸ್ಟರ್ ನೆಮ್ಮದಿಯಾಗಿ ತಿಂದ.